ಬರಿಗೈಯಲ್ಲಿ ಹೇಳಿದ ಮಾತು

ಅಡ್ಡ ಹಿಡಿದ ಹಳೆಯ ಸೀರೆಯ ಒಂದು ತುದಿ ಪ್ರಜ್ಞಾಳ ಕೈಯಲ್ಲಿತ್ತು, ಇನ್ನೊಂದು ತುದಿ ನೆರೆಮನೆಯ ಮುದುಕಿಯ ಕೈಯಲ್ಲಿ. ಇಬ್ಬರ ತೋಳೂ ಸೋಲತೊಡಗಿದ್ದವು. ಸೀರೆಯ ಒಳಬದಿಗೆ, ಹಿತ್ತಲ ಕಲ್ಲಿನ ಮೇಲೆ ಚಂದವ್ವನ ಹೆಣವನ್ನು ಒರಗಿಸಿ ಕೂಡಿಸಿಕೊಂಡು ಸೊಸೆ ಕಾವೇರಿ ಇನ್ನಿಬ್ಬರು ಹೆಂಗಸರೊಡನೆ ನೀರು ಹಾಕುತ್ತಿದ್ದಳು. ಹೊರಬದಿಗೆ ಬೇವಿನ ಗಿಡದ ಕೆಳಗೆ ಗಂಡಸರು ಕುಳಿತಿದ್ದರು. ನಡುವೆ ಒಂದೇ ಪದರ ಬಟ್ಟೆ. ಒಳಗಿನ ಬಿಕ್ಕು ಹೊರಗೆ ಕೇಳುತ್ತಿತ್ತು, ಹೊರಗಿನ ಜಗಳ ಒಳಗೆ ಕೇಳುತ್ತಿತ್ತು.

"ಮೈ ತೊಳಿಯೂದು ತೊಳೀರಿ," ಎಂದ ಸಿದ್ದರಾಯ ಹೊರಗಿನಿಂದ. "ಬಳಿ ತಂಟೇಕ ಹೋಗಬ್ಯಾಡ್ರಿ. ಹೊಸಾವ ಇಡಬ್ಯಾಡ್ರಿ, ಹಳೇವ ತಗೀಬ್ಯಾಡ್ರಿ. ಅದು ಮೊದಲ ತೀರ್ಮಾನ ಆಗ್ಲಿ."

ಕಾವೇರಿಯ ಕೈಯ ಚೆಂಬು ಅರ್ಧಕ್ಕೆ ನಿಂತಿತು. ಅತ್ತೆಯ ಒದ್ದೆ ಮುಂಗೈಗಳಲ್ಲಿ ಹಸಿರು ಗಾಜಿನ ಬಳೆಗಳು ಹಾಗೇ ಇದ್ದವು. ನಿನ್ನೆ ಸಂಜೆ ಕುರಿ ಕೂಡಿಹಾಕಿ ಬಂದು, ಎದೆ ಹಿಡಿದುಕೊಂಡು ಗೋಡೆಗೆ ಒರಗಿದವಳು ಮೇಲೆದ್ದಿರಲಿಲ್ಲ.

ಸಿದ್ದರಾಯ ಚಂದವ್ವನ ಗಂಡನ ಅಣ್ಣ, ಮನೆತನಕ್ಕೆ ಹಿರಿಯ. ಅವನ ಎದುರಿಗೆ ಕುಳಿತವನು ಚಂದವ್ವನ ತಮ್ಮ ಸೋಮನಿಂಗ. ಸಾಲೋಟಗಿಯಿಂದ ಬೆಳಕು ಹರಿಯುವಾಗಲೇ ಬಂದಿದ್ದ ಅವನು ಅಕ್ಕನಿಗೆಂದು ತವರಿನ ಕೊನೆಯ ಸೀರೆ ತಂದಿದ್ದ. ಹಸಿರು ಸೀರೆ. ಚೀಲವನ್ನು ಇನ್ನೂ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದ, ಕೆಳಗಿಟ್ಟರೆ ಯಾರಾದರೂ ಎತ್ತಿಟ್ಟಾರು ಎಂಬಂತೆ.

"ನಮ್ಮಕ್ಕ ನಿನ್ನಿ ಸಂಜೀತನಕ ಮುತ್ತೈದಿ ಆಗಿ ತಿರಗ್ಯಾಳ," ಎಂದ ಸೋಮನಿಂಗ. "ಬೆಳಗಾಗೂದ್ರಾಗ ಗಂಡ ಸತ್ತಾಕಿ ಹ್ಯಾಂಗಾದ್ಳು?"

"ನಿಮ್ಮಕ್ಕ ತಿರಗ್ಯಾಳಪಾ, ಇಲ್ಲಂದೋರ್ಯಾರು. ನಮ್ಮ ತಮ್ಮ ಎಲ್ಲಿ ತಿರಗಾಕತ್ಯಾನ? ಅವನ್ನ ತೋರಸು, ಕುಂಕುಮ ನಾನ ತರ್ತೇನಿ."

ಯಾರೂ ನಗಲಿಲ್ಲ. ಚಂದವ್ವನ ಗಂಡ ಅಮಗೊಂಡ ಕಬ್ಬು ಕಡಿಯುವ ಗ್ಯಾಂಗಿನೊಡನೆ ಸೊಲ್ಲಾಪುರದ ಆಚೆಗೆ ಹೋದಾಗ ಮಗ ದುಂಡೇಶನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಗ್ಯಾಂಗು ಹಿಂದಿರುಗಿತು, ಅಮಗೊಂಡ ಬರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಇದ್ದ ಸುದ್ದಿಯೂ ಇಲ್ಲ. ಈಗ ದುಂಡೇಶನ ಮಗಳೇ ಶಾಲೆಗೆ ಹೋಗುತ್ತಿದ್ದಾಳೆ. ಇಷ್ಟು ಕಾಲವೂ ಚಂದವ್ವ ಹಸಿರು ಬಳೆಯನ್ನೂ ಹಣೆಯ ಕುಂಕುಮವನ್ನೂ ಬಿಟ್ಟವಳಲ್ಲ. ಊರು ಕನಿಕರಪಟ್ಟಿತು, ನಕ್ಕಿತು, ಕೊನೆಗೆ ರೂಢಿ ಮಾಡಿಕೊಂಡಿತು. ಇವತ್ತು ಮಾತ್ರ ರೂಢಿ ಸಾಲದಾಗಿತ್ತು. ಮುತ್ತೈದೆಯಾಗಿ ಹೋದವಳಿಗೆ ಒಂದು ರೀತಿ, ಗಂಡ ಸತ್ತವಳಿಗೆ ಇನ್ನೊಂದು ರೀತಿ. ಎರಡರ ನಡುವೆ ಹೂಳುವ ರೀತಿ ಯಾರಿಗೂ ಗೊತ್ತಿರಲಿಲ್ಲ.

ಸಿದ್ದರಾಯ ಒಂದು ದಾರಿ ಹೇಳಿದ. ಹಿಂದೆ ತಮ್ಮ ಬಳಗದಲ್ಲಿ ಒಬ್ಬ ಭೀಮಾ ಹೊಳೆಯಲ್ಲಿ ಕೊಚ್ಚಿಹೋಗಿ ಹೆಣ ಸಿಗದಿದ್ದಾಗ ಜೋಳದ ಹಿಟ್ಟಿನ ಗೊಂಬೆ ಮಾಡಿ ಮಣ್ಣು ಕೊಟ್ಟಿದ್ದರು. ಅಮಗೊಂಡನಿಗೂ ಹಾಗೇ ಮಾಡೋಣ. ಮೊದಲು ಅವನ ಮಣ್ಣು, ಆಮೇಲೆ ಚಂದವ್ವನ ಬಳೆ ಒಡೆಯುವುದು, ಅದಾದ ಮೇಲೆ ಅವಳ ಮಣ್ಣು. ಅಷ್ಟು ಹೇಳಿ ದನಿ ತಗ್ಗಿಸಿದ.

"ನನ್ನ ಬೆನ್ನಿಗೆ ಬಿದ್ದ ತಮ್ಮ ಅಂವ. ಎಲ್ಲಿ ಬಿದ್ದಾನೋ ಏನೋ, ಒಂದ ಹಿಡಿ ಮಣ್ಣ ಸೈತ ಬಿದ್ದಿಲ್ಲ ಅವನ ಮ್ಯಾಲ. ನಾ ಸಾಯೂದ್ರಾಗ ಅಷ್ಟರ ಆಗ್ಲಿ."

ಸೀರೆ ಹಿಡಿದಿದ್ದ ಪ್ರಜ್ಞಾ ದುಂಡೇಶನತ್ತ ನೋಡಿದಳು. ಅವನು ಗಂಡಸರ ಗುಂಪಿನಲ್ಲಿರಲಿಲ್ಲ. ನಿಂಬೆಹಣ್ಣು ಸಾಗಿಸುವ ತನ್ನ ಟೆಂಪೋದ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ. ಅವನ ತಲೆಯ ಮೇಲೆ, ಮುಂದಿನ ಗಾಜಿನ ಮೂಲೆಗೆ ಒಳಗಿನಿಂದ ಅಂಟಿಸಿದ್ದ ಚಿಕ್ಕ ಫೋಟೋ ಹೊರಗಿನಿಂದ ಬರೀ ಬಿಳಿ ಕಾಗದದ ಬೆನ್ನಾಗಿ ಕಾಣುತ್ತಿತ್ತು. ಅದು ಅಮಗೊಂಡನ ಫೋಟೋ. ಸೊಲ್ಲಾಪುರ, ಪಂಢರಪುರ, ಸಾಂಗ್ಲಿ, ಎಲ್ಲಿ ಹಣ್ಣು ಇಳಿಸಿದರೂ ದುಂಡೇಶ ಇಳಿದು ಹೋಗಿ ಚಹಾದಂಗಡಿಯವರನ್ನು, ಗುಡಿಯ ಮುಂದೆ ಕುಳಿತ ಮುದುಕರನ್ನು ಕರೆತಂದು ಆ ಫೋಟೋ ತೋರಿಸುತ್ತಿದ್ದ. ಒಮ್ಮೆ ಪಂಢರಪುರದ ಹೊಳೆದಂಡೆಯಲ್ಲಿ ಯಾರೋ ಮುದುಕನ ಹಿಂದೆ ಸಂಜೆತನಕ ಅಲೆದು, ಹಣ್ಣು ಕೊಳೆಯಿಸಿಕೊಂಡು ಬಂದಿದ್ದನಂತೆ.

ಅವನ ತಂದೆ ಸತ್ತಿರುವುದು ಆ ಹಿತ್ತಲಿನಲ್ಲಿ ಒಬ್ಬಳಿಗೆ ಗೊತ್ತಿತ್ತು. ಗೊತ್ತಿದ್ದವಳು ಸೀರೆ ಹಿಡಿದು ನಿಂತಿದ್ದಳು.

*

ಪ್ರಜ್ಞಾ ಸಿಂದಗಿಯವಳು, ಸಾಲಿ ಮಾಸ್ತರ ಧರ್ಮರಾಜರ ಮಗಳು. ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಸಂಶೋಧನೆ ಮಾಡುತ್ತಿದ್ದಳು. ರಾತ್ರಿ ಕಾವೇರಿಯ ಫೋನು ಬಂದದ್ದೇ, ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದಳು. ಗಂಡ ಕಾಣೆಯಾದ ಹೆಂಗಸರು ಆ ಬದುಕನ್ನು ಹೇಗೆ ಬದುಕಿದರು ಎಂಬುದು ಅವಳ ವಿಷಯ. ವ್ಯಾಖ್ಯಾನಾತ್ಮಕ ಅನುಭವ ವಿಶ್ಲೇಷಣೆ ಎಂಬುದು ಅವಳು ಹಿಡಿದ ಕ್ರಮದ ಹೆಸರು. ಹೆಸರು ಉದ್ದ, ಕೆಲಸ ಸರಳ ಎಂದು ಅವಳ ಗೈಡ್ ಮೇಡಂ ಹೇಳಿದ್ದರು. ಏನಾಯಿತು ಎಂದು ಕೇಳುವುದಲ್ಲ. ಆದದ್ದು ಅವರಿಗೆ ಹೇಗಿತ್ತು ಎಂದು ಕೇಳುವುದು. ಅವರು ಅದಕ್ಕೆ ಕೊಟ್ಟುಕೊಂಡ ಅರ್ಥ ಯಾವುದು, ನೀನು ಕೊಡುವ ಅರ್ಥ ಯಾವುದು ಎಂದು ಬೇರೆ ಬೇರೆ ಇಟ್ಟು ನೋಡುವುದು. ಅದಕ್ಕಾಗಿ ಕೆಲವೇ ಜನರ ಬಳಿ ಮತ್ತೆ ಮತ್ತೆ ಹೋಗಿ ಕೂರಬೇಕು. ತಂಗಡಗಿಯಲ್ಲಿ ಒಬ್ಬಳು, ಬಸವನ ಬಾಗೇವಾಡಿಯಲ್ಲಿ ಇಬ್ಬರು, ಹೊರ್ತಿಯ ಹೊಲದ ವಸ್ತಿಯಲ್ಲಿ ಚಂದವ್ವ. ನೂರು ಮಂದಿನ್ನಾರ ಕೇಳಬೇಕಲ್ಲ, ನಾಕೈದು ಮಂದೀದು ಕೇಳಿದ್ರ ಅದ್ಯಾವ ಪಿಎಚ್‌ಡಿ ಎಂದು ಅಪ್ಪ ನಕ್ಕಿದ್ದರು.

ಹೊಸಬರ ಮುಂದೆ ಬಾಯಿ ಒಣಗುವ ಹುಡುಗಿ ಅವಳು. ಚಂದವ್ವನ ಮುಂದೆ ಮೊದಲ ದಿನ ಕುಳಿತಾಗ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಪ್ರಶ್ನೆಯನ್ನು ಒಂದೇ ಉಸಿರಿಗೆ ಕೇಳಿದ್ದಳು. ಯಜಮಾನರು ಹೋದ ಮೇಲೆ ದಿನಾ ಹೇಗನ್ನಿಸುತ್ತದೆ ಎಂದು.

"ದಿನಾ ಹ್ಯಾಂಗ ಅನಸ್ತೈತಿ ಅಂದ್ರ?" ಎಂದಿದ್ದಳು ಚಂದವ್ವ. "ದಿನಾ ಕುರಿ ಹಸೀತಾವ. ಮೇಸಬೇಕು ಅನಸ್ತೈತಿ."

ಒಲೆಯ ಮುಂದಿದ್ದ ಕಾವೇರಿ ಸೆರಗು ಬಾಯಿಗೊತ್ತಿ ನಕ್ಕಿದ್ದಳು. ಬರೆಯುವಾಗ ನಿಜವಾದ ಹೆಸರು ಹಾಕುವುದಿಲ್ಲ, ಬೇರೆ ಹೆಸರು ಬೇಕು ಎಂದಾಗ, ಹುಚ್ಚವ್ವ ಅಂತ ಬರಿ, ಹೆಂಗೂ ಊರು ಹಂಗ ಅಂತೈತಿ ಎಂದು ಚಂದವ್ವನೇ ಆರಿಸಿ ಕೊಟ್ಟಿದ್ದಳು. ಮಾತಿನ ನಡುವೆ ಬಳೆಯ ವಿಷಯ ತಾನಾಗಿ ಬಂತು. "ಬಳಿ ಸದ್ದಿಲ್ಲದ ರೊಟ್ಟಿ ಬಡದ್ರ, ನನ್ನ ಮನ್ಯಾಗ ಯಾರೋ ಬ್ಯಾರೇದಾಕಿ ಬಡ್ಯಾಕತ್ಯಾಳ ಅನಸ್ತೈತಿ ಬೇ," ಎಂದಿದ್ದಳು.

ಹಾಸ್ಟೆಲಿಗೆ ಮರಳಿ ಮೊಬೈಲಿನ ಧ್ವನಿಮುದ್ರಣ ಹಾಕಿಕೊಂಡು ಒಂದೊಂದೇ ಮಾತು ಬರೆದುಕೊಳ್ಳುವಾಗ ಪ್ರಜ್ಞಾ ಸೋತುಹೋದಳು. ಚಂದವ್ವ ಕೈಯಾಡಿಸದೆ ಮಾತಾಡುವವಳಲ್ಲ. ಮುಖ್ಯ ಎನಿಸಿದ ಕಡೆಯಲ್ಲೆಲ್ಲ ಬಳೆ ಗಲಗಲ ಎಂದು ಮಾತನ್ನು ನುಂಗಿತ್ತು. ಕೇಳಿಸದ ಜಾಗಗಳನ್ನು ಅವಳು ತನಗೆ ತಿಳಿದಂತೆ ತುಂಬಿಕೊಂಡಳು. ಹಸಿರು ಬಳೆ, ಹಣೆಯ ಕುಂಕುಮ, ದಾರಿಗೆ ಮುಖ ಮಾಡಿದ ಬಾಗಿಲು. ಅಂಚಿನಲ್ಲಿ 'ಕಾಯುವಿಕೆ' ಎಂದು ಬರೆದು ಕೆಳಗೆ ಗೆರೆ ಎಳೆದಳು. ಎರಡನೆಯ ಸಲ ಹೋಗಿ ಬಂದ ಮೇಲೆ ಇನ್ನೊಂದು ಗೆರೆ. ಮೇಡಂ ಅದನ್ನು ನೋಡಿ, ಕಾಯುತ್ತಿರುವುದು ಅವಳೋ ನೀನೋ ಎಂದು ಕೇಳಿದ್ದರು.

ಮೂರನೆಯ ಸಲ ಹೋದದ್ದು ಎಳ್ಳ ಅಮಾವಾಸ್ಯೆ ಕಳೆದ ಮೇಲೆ. ಕಾವೇರಿ ತವರಿಗೆ ಹೋಗಿದ್ದಳು. ಪ್ರಜ್ಞಾ ಮೊಬೈಲನ್ನು ನಡುವೆ ಇಟ್ಟು, ಬಹಳ ಸಂಕೋಚದಿಂದ, ಬಳೆ ಸದ್ದಿಗೆ ಮಾತು ಸರಿಯಾಗಿ ಕೇಳಿಸುತ್ತಿಲ್ಲ, ಏನಾದರೂ ಮಾಡಲು ಬಂದೀತೇ ಎಂದಳು. ಕೈ ಅಲುಗಿಸದೆ ಕೂತರೆ ಸಾಕು ಎಂಬುದು ಅವಳ ಮನಸ್ಸಿನಲ್ಲಿದ್ದದ್ದು.

ಚಂದವ್ವ ಎದ್ದಳು. ಬಾಗಿಲು ಮುಂದೆ ಮಾಡಿದಳು. ನೀರಿನ ಬೋಗುಣಿಯಲ್ಲಿ ಕೈ ಅದ್ದಿ, ಸಾಬೂನು ಸವರಿ, ಬೆರಳು ಕೂಡಿಸಿ ಒಂದೊಂದಾಗಿ ಬಳೆ ಜಾರಿಸಿ ತೆಗೆದು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಸಾಲಾಗಿ ಇಟ್ಟಳು. ಹೊಸ ಬಳೆ ಇಡಿಸಿಕೊಳ್ಳುವಾಗಲೂ ಒಂದಾದರೂ ಹಳೆಯ ಬಳೆ ಉಳಿಸಿಕೊಂಡೇ ಇಡಿಸಿಕೊಳ್ಳುತ್ತಾರೆ; ಗಂಡ ಇದ್ದವಳು ಅರೆಗಳಿಗೆಯೂ ಬರಿಗೈಯಲ್ಲಿ ಇರುವುದಿಲ್ಲ. ಇದು ಪ್ರಜ್ಞಾಳಿಗೂ ಗೊತ್ತು. ಎದ್ದು ನಿಂತುಬಿಟ್ಟಳು.

"ಅವ್ವಾರ, ನಾ ಹಂಗಂದಿಲ್ರಿ. ಹಾಕ್ಕೋರಿ, ನಿಮ್ಮ ಕಾಲ ಬೀಳ್ತೇನಿ."

"ಹೆದರಬ್ಯಾಡ, ಕೂಡು. ಇವನ್ನ ತಗದ್ರ ಸಾಯೂ ಗಂಡ ನನಗಿಲ್ಲ. ಅಂವ ಸತ್ತು ಭಾಳ ದಿನಾತು."

ಆಮೇಲೆ ಹೇಳಿದಳು. ಇಂಡಿ ಊರಿನ ಸಂತೆಯಲ್ಲಿ ಗ್ಯಾಂಗಿನ ಹಳೆಯ ಮನುಷ್ಯನೊಬ್ಬ ಸಿಕ್ಕಿದ್ದ. ಅಮಗೊಂಡ ಕಬ್ಬು ಕಡಿಯಲು ಹೋದಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿದ್ದನೆಂದೂ, ಜ್ವರ ಬಂದು ಸತ್ತನೆಂದೂ, ಆ ಊರಿನವರೇ ಸುಟ್ಟರೆಂದೂ ಹೇಳಿದ. ಚಂದವ್ವ ಉಪ್ಪು, ಬೆಲ್ಲ ಕೊಂಡು ಮನೆಗೆ ಬಂದಳು. ಮರುದಿನ ಬಳೆಗಾರ್ತಿ ಶಮಶಾದಬಿ ವಸ್ತಿಗೆ ಬಂದಾಗ ಕೈ ಚಾಚಿ ಎರಡೂ ಕೈತುಂಬ ಹಸಿರು ಬಳೆ ಇಡಿಸಿಕೊಂಡಳು.

"ಇದ್ದಾಗ ಏನೂ ಕೊಡಲಾರದಂವ, ಸತ್ತು ನನ್ನ ಕೈಯಾನ ಬಳಿ ಒಯ್ಯಬೇಕೇನ?"

ಆ ದನಿಯಲ್ಲಿ ಅಳು ಇರಲಿಲ್ಲ. ಬರಿಯ ಮುಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಅವಳನ್ನು ನೋಡುತ್ತಿದ್ದಂತೆ, ಎರಡು ಸಲ ಗೆರೆ ಎಳೆದ ಆ 'ಕಾಯುವಿಕೆ' ಪ್ರಜ್ಞಾಳ ಒಳಗೆ ಮುದುಡಿಹೋಯಿತು. ದುಂಡೇಶನಿಗೆ ಹೇಳಬೇಡವೇ, ಅವನು ಊರೂರು ಹುಡುಕುತ್ತಿದ್ದಾನಲ್ಲ ಎಂದು ಕೇಳಿದಳು. ಚಂದವ್ವ ಮೊದಲ ಸಲ ತಡವರಿಸಿದಳು. ಹುಡುಗನಿದ್ದಾಗ ಅವನಿಗೊಬ್ಬ ಅಪ್ಪ ಬೇಕಿತ್ತು, ಇನ್ನೊಬ್ಬಳ ಮನೆಯಲ್ಲಿ ಸತ್ತ ಅಪ್ಪನಿಗಿಂತ ಬರಲಿರುವ ಅಪ್ಪ ಚಲೋ ಅನ್ನಿಸಿತು; ದೊಡ್ಡವನಾದ ಮೇಲೆ ಹೇಳುವ ಬಾಯಿ ಬರಲಿಲ್ಲ ಎಂದಳು. "ನಾನ ಹೇಳ್ತೇನಿ. ಹೊತ್ತು ಬರ್ಲಿ. ನೀ ಯಾರ ಮುಂದೂ ಅನಬ್ಯಾಡ, ಆಣಿ ಮಾಡು."

ಯಾರಿಗೂ ಹೇಳುವುದಿಲ್ಲ ಎಂಬ ಮಾತು ಮೊದಲ ದಿನವೇ ಕೊಟ್ಟದ್ದು, ಅದು ತನ್ನ ಕೆಲಸದ ಕಟ್ಟುಪಾಡು. ಆದರೂ ಪ್ರಜ್ಞಾ ಇನ್ನೊಮ್ಮೆ ಅವಳ ಕೈ ಮುಟ್ಟಿ ಮಾತು ಕೊಟ್ಟಳು. ಚಂದವ್ವ ಬಳೆಗಳನ್ನು ಮತ್ತೆ ಏರಿಸಿಕೊಂಡು, ಇನ್ನ ನಿನ್ನ ಮಷಿನ್ ಆರಿಸು ಎಂದು ಚಹಾಕ್ಕೆ ಇಟ್ಟಳು.

*

"ಈ ಹುಡಗಿನ್ನ ಕೇಳ್ರಿ."

ಸೋಮನಿಂಗ ಎದ್ದು ನಿಂತಿದ್ದ. ಅವನ ಬೆರಳು ಸೀರೆಯಂಚಿನ ಮೇಲೆ ಕಾಣುತ್ತಿದ್ದ ಪ್ರಜ್ಞಾಳ ಮುಖದತ್ತ ಇತ್ತು. ತನ್ನ ಅಕ್ಕ ಈ ಹುಡುಗಿಯ ಮುಂದೆ ಮೂರು ಸಲ ಕುಳಿತು ಮಾತಾಡಿದ್ದಾಳೆ, ಗಂಡ ಬರುತ್ತಾನೆಂದು ನಂಬಿಕೊಂಡಿದ್ದಳೋ ಇಲ್ಲವೋ ಇವಳಿಗೆ ಗೊತ್ತಿರುತ್ತದೆ ಎಂದ. ಎಲ್ಲರೂ ತಿರುಗಿದರು. ಟೆಂಪೋದ ಮೆಟ್ಟಿಲಿಂದ ದುಂಡೇಶನೂ ತಲೆ ಎತ್ತಿದ.

"ಹೇಳವಾ ತಂಗಿ," ಎಂದ ಸಿದ್ದರಾಯ. "ನಮ್ಮ ತಮ್ಮ ಅದಾನಂತ ಹೇಳ್ಯಾಳೋ, ಸತ್ತಾನಂತ ಹೇಳ್ಯಾಳೋ?"

ಪ್ರಜ್ಞಾ ಸೀರೆಯ ತುದಿಯನ್ನು ಬಿಗಿ ಹಿಡಿದಳು. ಸೀರೆ ಬಿಟ್ಟು ಓಡುವಂತಿರಲಿಲ್ಲ. ಬಿಟ್ಟರೆ ಚಂದವ್ವ ಬಯಲಾಗುತ್ತಿದ್ದಳು. ಗೊತ್ತಿಲ್ಲ ಎಂಬ ಒಂದು ಸುಳ್ಳು ನಾಲಗೆಯ ತುದಿಗೆ ಬಂದು, ದುಂಡೇಶನ ಕಣ್ಣು ನೋಡಿ ಹಿಂದೆ ಹೋಯಿತು.

"ಅವ್ವಾರು ಹೇಳಿದ್ದನ್ನ ಯಾರ ಮುಂದೂ ಹೇಳೂದಿಲ್ಲಂತ ಮಾತ ಕೊಟ್ಟೇನ್ರಿ."

ಗಿಡದ ಕೆಳಗೆ ಗುಜುಗುಜು ಎದ್ದಿತು. ಅಂದ್ರ ಏನೋ ಐತಿ ಎಂದ ಒಬ್ಬ. ಮೈದೊಳೆಯುವ ಹೆಂಗಸರೂ ಕೈ ನಿಲ್ಲಿಸಿದರು. ತಾನು ಮಾತು ಉಳಿಸಿಕೊಳ್ಳಲು ಹೋಗಿ ಗುಟ್ಟಿಗೆ ಬಾಗಿಲು ತೋರಿಸಿಕೊಟ್ಟೆ ಎಂದು ಪ್ರಜ್ಞಾಳಿಗೆ ತಿಳಿಯುವಷ್ಟರಲ್ಲಿ ಸಿದ್ದರಾಯ ಒಳಗಿನಿಂದ ಜೋಳದ ಹಿಟ್ಟು ತರಲು ಯಾರಿಗೋ ಸನ್ನೆ ಮಾಡಿದ್ದ.

"ಇದ್ದಿದ್ರ ಅದಾನಂತ ಅಂತಿದ್ಳು," ಎಂದ. "ಏನವಾ, ಅಷ್ಟು ಸಲ ಬಂದು ಕೇಳಿದ್ದರ ಏನ ನೀ? ಮುಚ್ಚಿಡೂ ಮಾತ ಕೇಳಾಕ ಸರಕಾರದವ್ರು ಕಳಸ್ತಾರೇನ?"

"ಏನಾತು ಅಂತ ನಾ ಕೇಳಿಲ್ರಿ, ಯಪ್ಪಾ," ಎಂದಳು ಪ್ರಜ್ಞಾ. "ಹ್ಯಾಂಗಿತ್ತು ಅಂತ ಕೇಳೇನಿ. ಮೊದಲನೇ ದಿನ ಕಾವೇರಿ ಮುಂದನ ಹೇಳಿದ್ದೊಂದ ಐತ್ರಿ. ಬಳಿ ಸದ್ದಿಲ್ಲದ ರೊಟ್ಟಿ ಬಡದ್ರ, ತಮ್ಮ ಮನ್ಯಾಗ ಬ್ಯಾರೇದಾಕಿ ಬಡ್ಯಾಕತ್ತಂಗ ಅನಸ್ತೈತಿ ಅಂದಿದ್ರು. ಆ ಮಾತಿನ್ಯಾಗ ಯಜಮಾನ್ರು ಬರಲಿಲ್ರಿ. ಬಳಿ ಒಡದ್ರ ನೀವು ಮಣ್ಣ ಕೊಡೂದು ಬ್ಯಾರೇದಾಕಿಗೆ ಆಗ್ತೈತಿ."

ಸೀರೆಯ ಒಳಗಿನಿಂದ ಕಾವೇರಿ, ಹೌದ್ರಿ ಮಾವಾ, ನನ್ನ ಮುಂದನ ಅಂದಾರ ಎಂದಳು.

ಅದೇ ಹೊತ್ತಿಗೆ ಶಮಶಾದಬಿ ಬಂದಳು. ಹೆಗಲ ಮೇಲೆ ಹಗ್ಗಕ್ಕೆ ಬಳೆ ಪೋಣಿಸಿದ ಮಲಾರ. ಯಾರು ಹೇಳಿ ಕಳಿಸಿದ್ದರೋ, ಯಾರೂ ಕಳಿಸದೆಯೇ ಬಂದಿದ್ದಳೋ. ಗಂಡಸರ ನಡುವೆ ಹಾದು ಬಂದವಳನ್ನು ಸಿದ್ದರಾಯ ತಡೆದ. ಬಳೆ ಇಡುವುದು ಇನ್ನೂ ನಿಕ್ಕಿಯಾಗಿಲ್ಲ ಎಂದ.

"ನಾ ಕೈ ನೋಡಿ ಬಳಿ ಇಡಾಕಿ, ಕಾಕಾ," ಎಂದಳು ಶಮಶಾದಬಿ. "ಗಂಡಂದ್ರ ಮಾರಿ ನೋಡಿ ಇಟ್ಟಿದ್ರ ಈ ಊರಾಗ ನನ್ನ ಯಾಪಾರ ಎಂದೋ ಮುಳಗತಿತ್ತು."

ಯಾರೋ ನಗು ಬಂದು ಕೆಮ್ಮಿದರು. ಸಿದ್ದರಾಯ ಮಾತ್ರ ದಾರಿ ಬಿಡಲಿಲ್ಲ. ಆಗ ದುಂಡೇಶ ಮೆಟ್ಟಿಲಿಂದ ಇಳಿದು ಬಂದ. ದೊಡ್ಡಪ್ಪನ ಮುಂದೆ ನಿಂತು, ಅವನ ಮುಖ ನೋಡದೆ, ನೆಲ ನೋಡುತ್ತ ಹೇಳಿದ.

"ಹಸರ ಬಳಿ ಇಡ್ಲಿ, ದೊಡ್ಡಪ್ಪಾ. ಹಿಟ್ಟ ಒಳಗ ಒಯ್ಯಾಕ ಹೇಳು."

"ನಿಮ್ಮಪ್ಪನ ಮಣ್ಣೋ?"

"ಅದು ನಂದು."

ಸಿದ್ದರಾಯ ಟವೆಲಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದ. ಸೋಮನಿಂಗ ತೊಡೆಯ ಮೇಲಿದ್ದ ಚೀಲ ಬಿಚ್ಚಿದ.

ಒಳಗೆ ಶಮಶಾದಬಿ ಚಂದವ್ವನ ಸೆಟೆದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳ ಗಿಣ್ಣುಗಳನ್ನು ಬಿಸಿನೀರಲ್ಲಿ ನಾದಿದಳು, ಎಷ್ಟು ಹೊತ್ತು ನಾದಿದಳೆಂದರೆ ಪ್ರಜ್ಞಾ ತೋಳಿನ ನೋವು ಮರೆತಳು. ಮೊದಲ ಬಳೆ ಒಡೆಯದೆ ಕೈಗೇರಿತು. ಎರಡನೆಯದೂ. ಆಚೆ ಗಂಡಸರು ಬಳೆಯ ಸದ್ದನ್ನೇ ಕೇಳುತ್ತ ಕುಳಿತಿದ್ದರು. ಇಟ್ಟು ಮುಗಿಸಿ ಏಳುವಾಗ ಶಮಶಾದಬಿಯ ಕಣ್ಣು ಒಮ್ಮೆ ಪ್ರಜ್ಞಾಳ ಕಣ್ಣನ್ನು ಸಂಧಿಸಿತು. ಅವಳು ಮಲಾರ ಕಟ್ಟಿದಳು.

*

ಹೆಣ ಎತ್ತುವ ಮುಂಚೆ, ತೂರಲಿಕ್ಕೆಂದು ಭಂಡಾರದ ಅರಿಶಿನಪುಡಿಯ ಚೀಲ ತರಲು ದುಂಡೇಶ ಟೆಂಪೋದ ಕಡೆಗೆ ಹೋದ. ಕಾವೇರಿಗೆ ನೀರು ಕೊಂಡೊಯ್ಯುತ್ತಿದ್ದ ಪ್ರಜ್ಞಾಳನ್ನು ಕಂಡು, ಅಕ್ಕಾರ, ಒಂದೀಟು ನಿಂದ್ರಿ ಎಂದ. ಕೇಳಿಯೇ ಕೇಳುತ್ತಾನೆ ಎಂದು ಬೆಳಗಿನಿಂದ ಹೆದರಿದ್ದ ಗಳಿಗೆ ಬಂದಿತ್ತು.

ಅವನು ಚೀಲದ ಬಾಯಿ ಕಟ್ಟುತ್ತ, ಬಿಚ್ಚುತ್ತ ನಿಂತ.

"ನಿಮ್ಮ ಮಾತ ಮುರಸೂದಿಲ್ರಿ. ನಂದ ಬ್ಯಾರೇನ ಐತಿ. ದಿನಕರ್ಮ ಮುಗದ ಮ್ಯಾಲ ಪಂಢರಪುರಕ್ಕ ಒಂದ ಲೋಡ ಐತಿ." ಚೀಲದ ಬಾಯಿ ಮತ್ತೆ ಬಿಗಿದ. "ಹಣ್ಣ ಇಳಿಸಿ, ಹೊಳಿದಂಡಿಗೆ ಹೋಗಿ ಬರ್ಲ್ಯಾ?"

ಹೌದು ಎಂದರೆ ಅವನು ಇನ್ನೂ ಎಷ್ಟು ದಂಡೆಗಳಲ್ಲಿ ಅಲೆಯಬೇಕು. ಇಲ್ಲ ಎಂದರೆ ಸತ್ತವಳ ಕೈ ಮುಟ್ಟಿ ಕೊಟ್ಟ ಮಾತು. ನಾನ ಹೇಳ್ತೇನಿ, ಹೊತ್ತು ಬರ್ಲಿ ಎಂದಿದ್ದಳು ಚಂದವ್ವ. ಹೊತ್ತು ಅವಳನ್ನು ಕೇಳಿ ಬಂದಿರಲಿಲ್ಲ. ಪ್ರಜ್ಞಾ ಕೈಯಲ್ಲಿನ ತಂಬಿಗೆಯ ನೀರನ್ನು ನೋಡಿದಳು.

"ಹಣ್ಣ ಇಳಿಸಿ ಸೀದಾ ಮನಿಗೆ ಬರ್ರಿ, ಅಣ್ಣಾ," ಎಂದಳು. "ಕಾವೇರಿ ಹಾದಿ ನೋಡ್ತಿರ್ತಾಳ."

ದುಂಡೇಶ ತಲೆಯಾಡಿಸಿದ. ಒಮ್ಮೆ, ಆಮೇಲೆ ಇನ್ನೊಮ್ಮೆ. ಭಂಡಾರದ ಚೀಲವನ್ನು ಅವಳ ಕೈಗೆ ಕೊಟ್ಟು, ನಡೀರಿ ಬಂದೆ ಎಂದು ಟೆಂಪೋದ ಬಾಗಿಲು ತೆಗೆದು ಒಳಗೆ ಹತ್ತಿದ. ಅವಳು ಹಿಂತಿರುಗಿ ನೋಡಲಿಲ್ಲ.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಡೊಳ್ಳು ನಿಂತ ಮೇಲೆ ಚಂದವ್ವನನ್ನು ಇಳಿಸಿದರು. ಇಳಿಸುವಾಗ ಅವಳ ಕೈ ಮಗ್ಗುಲಿಗೆ ತಾಗಿ ಬಳೆ ಸದ್ದಾಯಿತು; ಕಾವೇರಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಒಡೆಯಿತು. ಮೊದಲ ಮಣ್ಣು ಮಗನದು. ದುಂಡೇಶ ಬಲಗೈಯಿಂದ ಒಂದು ಹಿಡಿ ಹಾಕಿದ. ಅವನ ಎಡಗೈ ಮುಷ್ಟಿ ಟೆಂಪೋದಿಂದ ಇಳಿದಾಗಿನಿಂದಲೂ ಬಿಗಿದೇ ಇತ್ತು. ಎಲ್ಲರೂ ಮುಗಿಯಿತೆಂದು ಮುಂದೆ ಬರುವಷ್ಟರಲ್ಲಿ ಅವನು ಮತ್ತೆ ಬಗ್ಗಿ, ಆ ಎಡಮುಷ್ಟಿಯನ್ನು ಕುಣಿಯ ಕಾಲ್ದೆಸೆಯಲ್ಲಿ ಬಿಚ್ಚಿ, ಅದರ ಮೇಲೆ ಇನ್ನೊಂದು ಹಿಡಿ ಮಣ್ಣು ಹಾಕಿದ. ಸಿದ್ದರಾಯ ಅದನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದವನು, ಬಗ್ಗಿ ತಾನೂ ಒಂದು ಹಿಡಿ ಮಣ್ಣೆತ್ತಿಕೊಂಡು ಅದೇ ಜಾಗಕ್ಕೆ ಹಾಕಿದ.

ಇಳಿಹೊತ್ತಿಗೆ ದುಂಡೇಶನೇ ಪ್ರಜ್ಞಾಳನ್ನು ಹೊರ್ತಿಯ ದೊಡ್ಡ ರಸ್ತೆಯತನಕ ಬಿಟ್ಟುಬರಲು ಹೊರಟ. ಬೇಡವೆಂದರೂ ಕಾವೇರಿ ಕೇಳಲಿಲ್ಲ. ಟೆಂಪೋದ ತುಂಬ ನಿಂಬೆಹಣ್ಣಿನ ವಾಸನೆ. ಸೂರ್ಯ ಎದುರಿಗೆ ಬಂದಾಗ ಗಾಜಿನ ಒಳಮೈಗೆ ಕುಳಿತ ಧೂಳು ಬೆಳಗಿ ರಸ್ತೆ ಮಬ್ಬಾಯಿತು. ದುಂಡೇಶ ಕಣ್ಣು ಕಿರಿದು ಮಾಡಿಕೊಂಡು ಓಡಿಸಿದ. ಎಡಮೂಲೆಯಲ್ಲಿ ಮಾತ್ರ, ಅಂಟಿನ ನಾಲ್ಕು ಕಲೆಗಳ ನಡುವೆ, ಧೂಳು ಕೂರದ ಒಂದು ಚಿಕ್ಕ ಚೌಕವಿತ್ತು. ಅಷ್ಟರೊಳಗಿಂದ ಸೊಲ್ಲಾಪುರದ ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು.